ಒಂದನ್ನೇ ಬದಲಾಯಿಸಿ, ಪುಣ್ಯಾತ್ಮರೇ!

ನಮ್ಮ ಯಜಮಾನರಿಗೆ ನೆಗಡಿ ಬಂದರೆ ಅದು ಅವರೊಬ್ಬರ ನೆಗಡಿಯಲ್ಲ, ಇಡೀ ಬೀದಿಯ ನೆಗಡಿ. ಮೊದಲ ಸೀನು ಕೇಳಿದ ಕೂಡಲೇ ಅತ್ತೆಯವರು ಮೆಣಸು ಕುಟ್ಟಲು ಕೂರುತ್ತಾರೆ. ಮೆಣಸು, ಜೀರಿಗೆ, ಬೆಳ್ಳುಳ್ಳಿ ಬಿದ್ದ ಆ ಸಾರಿನ ಘಾಟಿಗೆ ನೆಗಡಿ ಇಲ್ಲದವರ ಮೂಗಲ್ಲೂ ನೀರು. ನಾನು ನೀರು ಕುದಿಸಿ, ಚೂರು ಅಮೃತಾಂಜನ ಹಾಕಿ, ಅವರ ತಲೆ ಮೇಲೆ ಕಂಬಳಿ ಮುಚ್ಚಿ ಹಬೆ ಹಿಡಿಸುತ್ತೇನೆ. ಮೈದುನ ಮೆಡಿಕಲ್ ಶಾಪಿಗೆ ಓಡಿ ಬಣ್ಣಬಣ್ಣದ ಮಾತ್ರೆ ತರುತ್ತಾನೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದಲೇ ಒಂದು ಹಿಡಿ ದೊಡ್ಡಪತ್ರೆ ಎಲೆ ಚಾಚಿ "ಕೆಂಡದ ಮೇಲೆ ಬಾಡಿಸಿ ರಸ ಹಿಂಡಿ" ಅನ್ನುತ್ತಾರೆ. ಗ್ಯಾಸ್ ಒಲೆಯ ಮನೆಯಲ್ಲಿ ಕೆಂಡ ಎಲ್ಲಿಂದ ತರಬೇಕೆಂದು ಮಾತ್ರ ಹೇಳುವುದಿಲ್ಲ. ಇಷ್ಟೂ ಸಾಲದೆಂದು ಯಜಮಾನರು ಯೂಟ್ಯೂಬ್ ನೋಡಿಕೊಂಡು, ಯಾರಿಗೂ ಕಾಣದ ಹಾಗೆ, ಅರಿಸಿನದ ಹಾಲು ಬೇರೆ ಕುಡಿದಿರುತ್ತಾರೆ.

ಆಮೇಲೊಂದು ದಿನ ಬೆಳಗ್ಗೆ ಎದ್ದಾಗ ಮೂಗು ಬಿಟ್ಟಿರುತ್ತದೆ. ಯಜಮಾನರು ಗೆಲುವಾಗುತ್ತಾರೆ, ಮನೆಯಲ್ಲಿ ಕದನ ಶುರುವಾಗುತ್ತದೆ. "ನನ್ನ ಸಾರಿನ ಮುಂದೆ ಯಾವ ನೆಗಡಿ ನಿಲ್ಲುತ್ತೆ" ಅಂತ ಅತ್ತೆ. "ಹಬೆ ಹಿಡಿದ ರಾತ್ರೀನೇ ಸಡಿಲ ಆಯ್ತು" ಅಂತ ನಾನು. "ಅತ್ತಿಗೆ, ಮಾತ್ರೆ ಅಂತ ಒಂದು ನುಂಗಿಸಿದ್ದೆ, ನೆನಪಿದೆಯಾ?" ಅಂತ ಮೈದುನ. ಕಾಂಪೌಂಡಿನ ಆಚೆಯಿಂದ "ಎಲೆ ಕೆಲಸ ಮಾಡ್ತಾ?" ಅನ್ನುವ ಪ್ರಶ್ನೆ ಬಂದರೆ ಅದು ಪ್ರಶ್ನೆಯಲ್ಲ, ಹಕ್ಕುಪತ್ರ.

ಪಿಯುಸಿಯಲ್ಲಿ ವಿಜ್ಞಾನ ತಗೊಂಡಿರುವ ಮಗಳು ಹೋದ ಸಲ ಈ ಕದನದ ನಡುವೆ ಬಾಯಿ ಹಾಕಿದಳು. "ನೀವೆಲ್ಲಾ ಐದು ವೇರಿಯಬಲ್ ಒಟ್ಟಿಗೆ ಬದಲಾಯಿಸಿದ್ದೀರಿ. ಇದರಿಂದ ಯಾವುದು ಕೆಲಸ ಮಾಡ್ತು ಅಂತ ದೇವರಿಗೂ ಗೊತ್ತಾಗಲ್ಲ."

"ಗೊತ್ತಾಗೋದೇನೇ? ಮೂಗು ಬಿಟ್ಟಿದೆಯೋ ಇಲ್ವೋ?" ಅಂದರು ಅತ್ತೆ. ಈ ಪ್ರಶ್ನೆಗೆ ಪಿಯುಸಿಯಲ್ಲಿ ಉತ್ತರವಿಲ್ಲ.

ಆದರೆ ಹುಡುಗಿ ಹೇಳಿದ್ದರಲ್ಲಿ ಹುರುಳಿತ್ತು. ಅವಳು ಐದು ಅಂದಳು, ಆರನೆಯದು ಇನ್ನೊಂದಿದೆ: ದಿನಗಳು. ಸಾಮಾನ್ಯ ನೆಗಡಿ ವಾರ, ಹತ್ತು ದಿನದಲ್ಲಿ ತಾನಾಗಿ ತೊಲಗುತ್ತದೆ. ಸಾರು ಕುದಿಯದ ಮನೆಯಲ್ಲೂ ತೊಲಗುತ್ತದೆ. ಇನ್ನೂ ಒಂದು ತಮಾಷೆಯಿದೆ. ನಾವು ಹೊಸ ಔಷಧಕ್ಕೆ ಕೈ ಹಾಕುವುದು ಯಾವಾಗ? ಇನ್ನು ತಡೆಯಲಾರೆ ಅನ್ನುವಷ್ಟು ಹೆಚ್ಚಾದ ದಿನ. ಅಷ್ಟು ಹೆಚ್ಚಾದ ಮೇಲೆ ನೆಗಡಿಗೆ ಇಳಿಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಹಾಗಾಗಿ ಆ ಹೊತ್ತಿಗೆ ಯಾರ ಕೈಯಲ್ಲಿ ಲೋಟ ಇತ್ತೋ ಅವರೇ ಧನ್ವಂತರಿ.

ಹಾಗಂತ ನಮ್ಮ ಮನೆಯಲ್ಲಿ ಏನನ್ನೂ ಬದಲಾಯಿಸದೆ ಇಡುವ ಶಿಸ್ತು ಇಲ್ಲವೆಂದು ತಿಳಿಯಬೇಡಿ. ಆರ್‌ಸಿಬಿ ಮ್ಯಾಚ್ ಇರುವ ಸಂಜೆ ಬಂದು ನೋಡಿ. ನೆಗಡಿಯಲ್ಲಿ ಸಿಕ್ಕಿದ್ದೆಲ್ಲ ನುಂಗುವ ಇದೇ ಯಜಮಾನರು ಅವತ್ತು ಒಂದು ಕೂದಲನ್ನೂ ಅಲ್ಲಾಡಿಸಲು ಬಿಡುವುದಿಲ್ಲ. ಸೋಫಾದ ಎಡತುದಿ ಅವರದು, ಕಾಲು ಟೀಪಾಯಿಯ ಮೇಲೆ, ಮೈದುನ ಬಾಗಿಲಿನ ಹತ್ತಿರ ನಿಂತಿದ್ದಾಗ ಸಿಕ್ಸರ್ ಬಿತ್ತೆಂದರೆ ಪಾಪದವನು ಇಪ್ಪತ್ತನೇ ಓವರಿನವರೆಗೆ ಅಲ್ಲೇ ನಿಂತಿರಬೇಕು. ಅಡುಗೆಮನೆಯಿಂದ ನಾನು ಇಣುಕಿದಾಗ ವಿಕೆಟ್ ಬಿದ್ದರೆ ಆ ವಿಕೆಟ್ ಬೌಲರನ ಲೆಕ್ಕಕ್ಕೆ ಹೋಗುವುದಿಲ್ಲ, ನನ್ನ ಲೆಕ್ಕಕ್ಕೆ ಬರುತ್ತದೆ. ಇನ್ನು ಅವರ ಆ ಕೆಂಪು ಟೀ ಶರ್ಟು. ಈಗ ಅದರ ಬಣ್ಣ ಕೆಂಪೆಂದು ಹೇಳಲು ಸಾಕ್ಷಿ ಬೇಕು. ನೆಲ ಒರೆಸಲು ಕೇಳಿದರೆ ಡೈವೋರ್ಸ್ ನೋಟಿಸ್ ಬರುವಂಥ ಮುಖ ಮಾಡುತ್ತಾರೆ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಕಪ್ ಎತ್ತಿದಾಗ ಯಜಮಾನರು ಆ ಅಂಗಿಯ ಕಾಲರ್ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ನೋಡಿದ್ಯಾ? ಈ ಅಂಗಿ!" ಮಗಳು ಮೆಲ್ಲಗೆ ಕೇಳಿದಳು, "ಅಪ್ಪಾ, 2008ರಿಂದ 2024ರವರೆಗೆ ಕಪ್ ಬರದೇ ಇದ್ದಾಗಲೂ ಇದೇ ಅಂಗಿ ಅಲ್ವಾ ಹಾಕ್ಕೊಂಡಿದ್ದು?" ಹೌದಲ್ಲ! ಸೋತಾಗಲೂ ಇದ್ದದ್ದು, ಗೆದ್ದಾಗಲೂ ಇದ್ದದ್ದು, ಸೋಲು ಗೆಲುವಾಗಿ ಬದಲಾಗಲು ಹೇಗೆ ಕಾರಣವಾದೀತು? ಬದಲಾಗದೆ ಕೂತಿದ್ದರಿಂದ ಬದಲಾವಣೆ ಹುಟ್ಟುವುದಿಲ್ಲ. ವಿಜ್ಞಾನ ಓದಿದವರು ಇದನ್ನು ಹೇಳಲು ಒಂದು ಅಧ್ಯಾಯ ತಗೊಳ್ಳುತ್ತಾರೆ. ನಮ್ಮಲ್ಲಿ ಒಂದು ಅಂಗಿ ಸಾಕಾಯಿತು. ಯಜಮಾನರು ಮಾತ್ರ ಒಪ್ಪಲಿಲ್ಲ, "ಅಂಗಿಗೆ ಪಕ್ವ ಆಗಕ್ಕೆ ಟೈಮ್ ಬೇಕಿತ್ತು" ಅಂದರು.

ನನ್ನ ಕಣ್ಣಿಗೆ ಈಗ ಲೋಕವೆಲ್ಲ ಎರಡೇ ಜಾತಿ. ನೆಗಡಿ ಜಾತಿಯವರು ಎಲ್ಲವನ್ನೂ ಒಂದೇ ಸಲ ಬದಲಾಯಿಸುತ್ತಾರೆ, ಕ್ರಿಕೆಟ್ ಜಾತಿಯವರು ಏನನ್ನೂ ಬದಲಾಯಿಸುವುದಿಲ್ಲ. ನಡುವೆ ಒಂದನ್ನು ಮಾತ್ರ ಬದಲಾಯಿಸಿ ಉಳಿದದ್ದನ್ನು ಕಿವಿ ಹಿಡಿದು ಕೂರಿಸುವ ಜಾತಿ ಬಹಳ ಸಣ್ಣದು. ಮದುವೆ ಮನೆಯಲ್ಲಿ ಅವರ ಪಕ್ಕ ಕೂತು ಊಟ ಮಾಡಲು ಯಾರಿಗೂ ಇಷ್ಟವಿಲ್ಲ.

ಮಗಳ ಪುಸ್ತಕ ಇದನ್ನೇ ಗಂಭೀರವಾಗಿ ಹೇಳುತ್ತದೆ. ನಾವು ಬೇಕೆಂದೇ ಬದಲಾಯಿಸುವುದು ಸ್ವತಂತ್ರ ಚರ. ಅದರ ಬೆನ್ನಿಗೆ ತಾನೂ ಬದಲಾಗಿ, ನಾವು ಅಳೆದು ಬರೆದುಕೊಳ್ಳುವುದು ಅವಲಂಬಿತ ಚರ. ಬದಲಾಗುವ ಚಪಲ ಇದ್ದರೂ ಬದಲಾಗದಂತೆ ಹಿಡಿದಿಟ್ಟಿದ್ದು ಸ್ಥಿರ. ಓದುತ್ತಾ ಓದುತ್ತಾ ನನಗೆ ನಮ್ಮ ಸಂಸಾರವೇ ಕಾಣಿಸಿತು. ಯಾರು ಸ್ವತಂತ್ರ, ಯಾರು ಅವಲಂಬಿತ, ಚಪಲ ಇದ್ದರೂ ಹಿಡಿದಿಟ್ಟದ್ದು ಯಾರನ್ನು ಎಂದು ಬಿಡಿಸಿ ಬರೆದರೆ ಈ ಲೇಖನವನ್ನು ಮನೆಯಲ್ಲಿ ಇಡುವ ಹಾಗಿಲ್ಲ. ಮುಂದೆ ಹೋಗೋಣ.

ಪರೀಕ್ಷೆ ಹತ್ತಿರ ಬಂದಾಗ ಮಗಳು ಮನೆಯಲ್ಲೇ ಸರಳ ಲೋಲಕದ ಪ್ರಯೋಗ ಮಾಡಲು ಹೊರಟಳು. ಹೆಸರೇ ಸರಳ. ಒಂದು ದಾರ, ತುದಿಗೊಂದು ಗುಂಡು, ಆಚೀಚೆ ಓಲಾಡಿಸಿ ಟೈಮ್ ನೋಡುವುದು, ಅಷ್ಟೇ. ಅಜ್ಜಿಯ ಹೂ ಕಟ್ಟುವ ದಾರ ಕದ್ದಳು, ಚಿಕ್ಕಪ್ಪನ ಬೈಕಿನ ಡಬ್ಬಿಯಿಂದ ಒಂದು ನಟ್ಟು ತಂದಳು, ಕಿಟಕಿಯ ಸರಳಿಗೆ ಕಟ್ಟಿದಳು, ಮೊಬೈಲ್ ಸ್ಟಾಪ್‌ವಾಚ್ ಹಿಡಿದಳು. ಪ್ರಶ್ನೆ ಇದು: ಓಲಾಟದ ಹೊತ್ತು ಯಾವುದರ ಮೇಲೆ ನಿಂತಿದೆ? ದಾರದ ಉದ್ದದ ಮೇಲೋ, ಗುಂಡಿನ ತೂಕದ ಮೇಲೋ, ಎಷ್ಟು ದೂರ ಎಳೆದು ಬಿಟ್ಟೆವು ಅನ್ನುವುದರ ಮೇಲೋ?

ಒಂದು ಓಲಾಟಕ್ಕೆ ಸೆಕೆಂಡಿನಷ್ಟು ಹೊತ್ತು. ಬೆರಳು ಒತ್ತುವುದರಲ್ಲೇ ಕಾಲು ಸೆಕೆಂಡು ತಪ್ಪಬಹುದು. ಅದಕ್ಕೇ 20 ಓಲಾಟ ಎಣಿಸಿ, ಬಂದ ಹೊತ್ತನ್ನು 20ರಿಂದ ಭಾಗಿಸುವುದು. ಆಗ ಬೆರಳಿನ ತಪ್ಪು ಇಪ್ಪತ್ತು ಪಾಲಾಗಿ ಹಂಚಿಹೋಗುತ್ತದೆ. ಜಾಣತನವೇ ಸರಿ. ಆದರೆ 20 ಎಣಿಸುವಷ್ಟು ಹೊತ್ತು ನಮ್ಮ ಮನೆಯಲ್ಲಿ ಯಾರಾದರೂ ಸುಮ್ಮನಿದ್ದ ದಾಖಲೆ ಇಲ್ಲ. ಹದಿಮೂರಕ್ಕೆ ಬಂದಾಗ ಅತ್ತೆ "ಹಾಲಿಗೆ ದುಡ್ಡು ಕೊಟ್ಟಿದ್ದು ಹದಿನೇಳನೇ ತಾರೀಖಲ್ವೇನೇ" ಎಂದರು. ಮಗಳು ಹದಿನೆಂಟು ಎಂದು ಮುಂದುವರಿಸಿದಳು.

ಮತ್ತೆ ಮೊದಲಿಂದ. ಈ ಸಲ ಎಣಿಕೆ ಸರಿ, ಆದರೆ ಫ್ಯಾನಿನ ಗಾಳಿಗೆ ನಟ್ಟು ನೇರ ಓಲಾಡದೆ ಗಿರ್ರೆಂದು ಸುತ್ತತೊಡಗಿತು. "ಫ್ಯಾನ್ ಆರಿಸಿ ಅಪ್ಪಾ, ಗಾಳಿ ಸ್ಥಿರ ಆಗಿರಬೇಕು." ಏಪ್ರಿಲ್ ತಿಂಗಳು. "ಗಾಳಿ ಸ್ಥಿರ ಮಾಡಕ್ಕೆ ಹೋದ್ರೆ ನಾನು ಅಸ್ಥಿರ ಆಗ್ತೀನಿ" ಅಂದರು ಯಜಮಾನರು. ಸ್ಥಿರಗಳನ್ನು ಪುಸ್ತಕದಲ್ಲಿ ಪಟ್ಟಿ ಮಾಡುವುದು ಬಹಳ ಸುಲಭ. ಒಂದು ಮನೆಯಲ್ಲಿ ಅವನ್ನು ಸ್ಥಿರವಾಗಿ ಇಡಲು ಪೊಲೀಸ್ ಬಂದೋಬಸ್ತ್ ಬೇಕು.

ನಿಜವಾದ ಮಜಾ ಬಂದದ್ದು ತೂಕದ ವಿಷಯದಲ್ಲಿ. ಪುಸ್ತಕದ ಪ್ರಕಾರ ಗುಂಡು ಹಗುರವಾಗಿರಲಿ, ಭಾರವಾಗಿರಲಿ, ಉದ್ದ ಒಂದೇ ಆದರೆ ಹೊತ್ತೂ ಒಂದೇ. ಯಜಮಾನರಿಗೆ ನಂಬಿಕೆ ಬರಲಿಲ್ಲ. "ಭಾರದ್ದು ನಿಧಾನವಾಗೇ ಆಡೋದು, ನಿಮ್ಮ ದೊಡ್ಡಪ್ಪನ್ನ ನೋಡು" ಅಂತ ಎದ್ದು, ಅಟ್ಟದ ಮೇಲಿದ್ದ ಹಳೆಯ ಒಂದು ಕೇಜಿ ತೂಕದ ಬಟ್ಟನ್ನು ತಂದು ನಟ್ಟಿನ ಜಾಗಕ್ಕೆ ಅದೇ ದಾರದ ತುದಿಗೆ ಕಟ್ಟಿದರು. ಓಲಾಡಿಸಿದರು. 20 ಓಲಾಟಕ್ಕೆ ಸೆಕೆಂಡಿನಷ್ಟು ಜಾಸ್ತಿಯೇ ಬಂತು! ಯಜಮಾನರು ಗೆಲಿಲಿಯೋನನ್ನು ಸೋಲಿಸಿದವರ ಹಾಗೆ ಸೋಫಾದ ಎಡತುದಿಗೆ ಹೋಗಿ ಕೂತರು.

ಮಗಳು ಸುಮ್ಮನೆ ಸ್ಕೇಲ್ ತಂದಳು. ಲೋಲಕದ ಉದ್ದವೆಂದರೆ ದಾರದ ಉದ್ದವಲ್ಲ, ಕಟ್ಟಿದ ಜಾಗದಿಂದ ಗುಂಡಿನ ನಡುಮಧ್ಯದವರೆಗೆ. ನಟ್ಟಿನ ನಡು ದಾರದ ತುದಿಯಿಂದ ಒಂದು ಸೆಂಟಿಮೀಟರ್ ಕೆಳಗಿತ್ತು. ಬಟ್ಟಿನ ನಡು ನಾಲ್ಕು ಸೆಂಟಿಮೀಟರ್ ಕೆಳಗೆ. ಅಂದರೆ ತೂಕ ಬದಲಾಯಿಸುತ್ತೇನೆ ಅಂತ ಹೊರಟ ಅಪ್ಪ ಗೊತ್ತಿಲ್ಲದೆ ಉದ್ದವನ್ನೂ ಬದಲಾಯಿಸಿದ್ದರು. ದಾರವನ್ನು ಮೂರು ಸೆಂಟಿಮೀಟರ್ ಗಿಡ್ಡ ಮಾಡಿ ಮತ್ತೆ ಕಟ್ಟಿದಾಗ ಒಂದು ಕೇಜಿಯ ಬಟ್ಟು ನಟ್ಟಿನ ಲಯಕ್ಕೇ ತಲೆಯಾಡಿಸಿತು.

ಚರಗಳ ವಿಷಯದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗುವ ಕಿಡಿಗೇಡಿತನ ಇದು. ಒಬ್ಬನನ್ನು ಊಟಕ್ಕೆ ಕರೆದರೆ ಜೊತೆಗೆ ಇನ್ನೊಬ್ಬ ಸದ್ದಿಲ್ಲದೆ ಬಂದು ಎಲೆ ಮುಂದೆ ಕೂತುಬಿಡುತ್ತಾನೆ. ಊಟ ಖಾಲಿಯಾದಾಗ ಬೈಗುಳ ಕರೆಸಿಕೊಂಡವನಿಗೆ. ಎಳೆತದ ಕಥೆಯೂ ಅಷ್ಟೇ. ಸ್ವಲ್ಪ ಎಳೆದರೂ ಜಾಸ್ತಿ ಎಳೆದರೂ ಹೊತ್ತು ಒಂದೇ ಅಂತ ಗೆಲಿಲಿಯೋನೇ ನಂಬಿದ್ದ. ಐದು ಡಿಗ್ರಿಗೆ ಅದು ಒಪ್ಪುವ ಮಾತು. ಅರವತ್ತು ಡಿಗ್ರಿಯಷ್ಟು ಎಳೆದು ಬಿಟ್ಟರೆ ಓಲಾಟ ನೂರಕ್ಕೆ ಏಳರಷ್ಟು ಉದ್ದವಾಗುತ್ತದೆ. 1656ರಲ್ಲಿ ಲೋಲಕದ ಗಡಿಯಾರ ಮಾಡಿದ ಡಚ್ಚರ ಹೈಗನ್ಸ್ ಈ ತಂಟೆಯನ್ನು ಸರಿಪಡಿಸಲು ದೊಡ್ಡ ಗಣಿತವನ್ನೇ ಹೂಡಬೇಕಾಯಿತು. ಆದ್ದರಿಂದ ದಾರದ ಉದ್ದದ ಪರೀಕ್ಷೆ ಮಾಡುವಾಗ ಎಳೆತ ಸಣ್ಣದಾಗಿಯೂ ಪ್ರತಿ ಸಲ ಅಷ್ಟೇ ಆಗಿಯೂ ಇರಲಿ. ನಮ್ಮ ಮೈದುನನ ಕೈಗೆ ಕೊಡಬೇಡಿ, ಅವನು ಜಾತ್ರೆಯ ಉಯ್ಯಾಲೆ ತಳ್ಳಿದ ಹಾಗೆ ತಳ್ಳುತ್ತಾನೆ.

ಇಷ್ಟೆಲ್ಲ ಕಾವಲು ಕೂತರೂ ಯಾವ ಬಾಗಿಲಿಂದ ಯಾವುದು ನುಸುಳುತ್ತದೆ ಅಂತ ಹೇಳಲಾಗದು. ಹಾಗೆ ನುಸುಳಿದ ಒಂದು ಚರವೇ ನೊಬೆಲ್ ಬಹುಮಾನ ತಂದುಕೊಟ್ಟ ಕಥೆಯಿದೆ. ಅದರ ನಿಜವಾದ ನಾಯಕ ಒಬ್ಬ ಅಡುಗೆಯವನು, ಹಾಗಾಗಿ ಇದನ್ನು ಹೇಳುವ ಹಕ್ಕು ನನಗೆ ಇದ್ದೇ ಇದೆ.

ಸ್ಥಳ ಜಾವಾದ ಬಟೇವಿಯಾ, ಈಗಿನ ಜಕಾರ್ತಾ. ಕಾಲ 1880ರ ದಶಕದ ಕೊನೆ. ಆಳುತ್ತಿದ್ದವರು ಡಚ್ಚರು. ಬೆರಿಬೆರಿ ಅನ್ನುವ ಕಾಯಿಲೆ ಅಲ್ಲಿನ ಸೈನಿಕರನ್ನೂ ಕೈದಿಗಳನ್ನೂ ಹಿಂಡುತ್ತಿತ್ತು: ಕಾಲು ಸೋಲುತ್ತದೆ, ನರ ಬೀಳುತ್ತದೆ, ಕೊನೆಗೆ ಹೃದಯ ಕೈಕೊಡುತ್ತದೆ. ಪಾಶ್ಚರ್ ಮತ್ತು ಕಾಖ್ ಅವರ ಹವಾ ಜೋರಾಗಿದ್ದ ಕಾಲ, ಎಲ್ಲ ಕಾಯಿಲೆಗೂ ಒಂದು ಕ್ರಿಮಿ ಇರಲೇಬೇಕು. ಕ್ರಿಶ್ಚಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಆ ಕ್ರಿಮಿ ಹುಡುಕಲು ಕೋಳಿ ಸಾಕಿದರು. ಕೆಲವಕ್ಕೆ ರೋಗಿಯ ರಕ್ತ ಚುಚ್ಚಿದರು, ಕೆಲವನ್ನು ಏನೂ ಮಾಡದೆ ಹಾಗೇ ಬಿಟ್ಟರು. ಪುಸ್ತಕದಲ್ಲಿ ಬರೆದ ಹಾಗೆ ಅಚ್ಚುಕಟ್ಟು. ಸ್ವಲ್ಪ ದಿನಕ್ಕೆ ಚುಚ್ಚಿದ ಕೋಳಿಗಳ ಕಾಲು ಸೋತವು. ಸಂತೋಷ! ಆದರೆ ಚುಚ್ಚದ ಕೋಳಿಗಳ ಕಾಲೂ ಸೋತವು. ಹರಡಿರಬೇಕೆಂದು ಬೇರೆ ಗೂಡಿಗೆ ಹಾಕಿದರು, ಅಲ್ಲೂ ಸೋತವು. ಆಮೇಲೆ ಇದ್ದಕ್ಕಿದ್ದಂತೆ ಒಂದು ದಿನದಿಂದ ಕೋಳಿಗಳೆಲ್ಲ ಚೇತರಿಸಿಕೊಳ್ಳತೊಡಗಿದವು. ಯಾರೂ ಔಷಧ ಕೊಟ್ಟಿರಲಿಲ್ಲ. ಕಾಯಿಲೆಯೇ ಮಾಯವಾಗಿಬಿಟ್ಟಿತು.

ಐಕ್‌ಮನ್ ಕೆದಕಿ ನೋಡಿದರೆ ಸಿಕ್ಕಿದ್ದು ಇದು. ಕೋಳಿ ನೋಡಿಕೊಳ್ಳುತ್ತಿದ್ದವನು ಕಾಸು ಉಳಿಸಲು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ತಂದು ಕೋಳಿಗಳಿಗೆ ಹಾಕುತ್ತಿದ್ದ. ನಡುವೆ ಅಡುಗೆಯವನು ಬದಲಾದ. ಹೊಸಬ ರೂಲ್ಸಿನ ಮನುಷ್ಯ. ಮಿಲಿಟರಿಯ ಅನ್ನ ಸಿವಿಲಿಯನ್ ಕೋಳಿಗಳಿಗೆ ಕೊಡಲಾಗದು ಎಂದುಬಿಟ್ಟ! ಕೋಳಿಗಳಿಗೆ ಮತ್ತೆ ತೌಡು ತೆಗೆಯದ ಅಕ್ಕಿಯೇ ಗತಿಯಾಯಿತು, ಕಾಲು ನೆಟ್ಟಗಾದವು. ಸರ್ಕಾರಿ ನಿಯಮವನ್ನು ಅಕ್ಷರಶಃ ಪಾಲಿಸಿದ್ದರಿಂದ ಜಗತ್ತಿಗೆ ಉಪಕಾರವಾದ ಉದಾಹರಣೆ ಬೇಕೆಂದರೆ ಇದೊಂದನ್ನು ಬರೆದಿಟ್ಟುಕೊಳ್ಳಿ, ಇನ್ನೊಂದು ಸಿಗುವುದು ಕಷ್ಟ.

ಐಕ್‌ಮನ್ ಕ್ರಿಮಿಯನ್ನು ಚರವೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಅನ್ನ ಸ್ಥಿರ, ಅದನ್ನೇನು ನೋಡುವುದು, ಅಂದುಕೊಂಡಿದ್ದರು. ಓಡಾಡಿದ್ದು ಅನ್ನ. ಆದರೆ ಅವರ ದೊಡ್ಡತನ ನೋಡಿ, ಅಡುಗೆಯವನ ಕಥೆ ಕೇಳಿ ನಕ್ಕು ಸುಮ್ಮನಾಗಲಿಲ್ಲ. ಅಕ್ಕಿಯನ್ನೇ ಬೇಕೆಂದು ಬದಲಾಯಿಸುತ್ತಾ ಹೋದರು. ಪಾಲಿಶ್ ಅಕ್ಕಿ ಕೊಟ್ಟರೆ ಕೋಳಿ ಬೀಳುತ್ತದೆ, ತೌಡು ಸೇರಿಸಿದರೆ ಏಳುತ್ತದೆ. ಪಿಷ್ಟದಲ್ಲಿ ವಿಷವಿದೆ, ತೌಡು ಅದಕ್ಕೆ ಮದ್ದು ಅಂತ ಅವರು ಲೆಕ್ಕ ಹಾಕಿದರು. ಅವರ ನಂತರ ಬಂದ ಗೆರಿಟ್ ಗ್ರೈನ್ಸ್ 1901ರಲ್ಲಿ ಅದನ್ನು ತಿದ್ದಿದರು: ಬಿಳಿ ಅಕ್ಕಿಯಲ್ಲಿ ವಿಷ ಸೇರಿಲ್ಲ, ಬೇಕಾದ್ದೇನೋ ಕಳೆದುಹೋಗಿದೆ. ಆ ಏನೋ ಅನ್ನುವುದೇ ಬಿ1 ಜೀವಸತ್ವ, ಥಯಾಮಿನ್. 1926ರಲ್ಲಿ ಅದೇ ಬಟೇವಿಯಾದಲ್ಲಿ ಅದರ ಹರಳು ಸಿಕ್ಕಿತು. 1929ರಲ್ಲಿ ಐಕ್‌ಮನ್ ಅವರಿಗೆ ನೊಬೆಲ್. ಅಡುಗೆಯವನ ಹೆಸರು ಆ ಪಟ್ಟಿಯಲ್ಲಿ ಇಲ್ಲ, ಅದರಲ್ಲಿ ನನಗೇನೂ ಆಶ್ಚರ್ಯವೂ ಇಲ್ಲ.

ಮಂಗಳೂರು, ಉಡುಪಿ ಕಡೆಯವರು ಇಲ್ಲಿ ಕಾಲರ್ ಏರಿಸಿಕೊಳ್ಳಬಹುದು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟಿದರೆ ತೌಡಿನಲ್ಲಿರುವ ಆ ಜೀವಸತ್ವದ ಒಂದಷ್ಟು ಪಾಲು ಕಾಳಿನ ಒಳಕ್ಕೆ ಇಳಿದು ಕೂರುತ್ತದೆ. ಕುಚ್ಚಲಕ್ಕಿ ಅಂದರೆ ಅದು. ಮಲ್ಲಿಗೆಯಂಥ ಬಿಳಿ ಅನ್ನವೇ ಬೇಕೆಂದು ಹಟ ಹಿಡಿಯುವ ನಮ್ಮ ಯಜಮಾನರಿಗೆ ಈ ಕಥೆಯನ್ನು ಊಟದ ಹೊತ್ತಿಗೇ ಹೇಳಿದೆ. "ನನ್ನ ಕಾಲು ನೆಟ್ಟಗಿದೆ" ಅಂದರು. ತೊಗರಿಬೇಳೆ ಸಾರು, ಹುರುಳಿಕಾಳು ಪಲ್ಯ ಜೊತೆಗಿರುವುದರಿಂದ ನೆಟ್ಟಗಿದೆ. ಅದನ್ನು ಮಾಡಿ ಬಡಿಸುವ ಸ್ಥಿರಾಂಕ ಯಾರೆಂದು ಕೇಳುವ ಹುಡುಗಾಟಕ್ಕೆ ಅವರು ಕೈ ಹಾಕಲಿಲ್ಲ.

ಇಷ್ಟು ಹೊತ್ತಿಗೆ ನಿಮ್ಮಲ್ಲಿ ಯಾರಾದರೂ "ಹಾಗಾದ್ರೆ ಎಲ್ಲವನ್ನೂ ಸ್ಥಿರವಾಗಿ ಇಡೋಕೆ ಆಗುತ್ತಾ ತಾಯಿ?" ಅಂತ ಕೇಳಿರುತ್ತೀರಿ. ಆಗುವುದಿಲ್ಲ. ಇದನ್ನು ಧೈರ್ಯವಾಗಿ ಒಪ್ಪಿ, ಅದಕ್ಕೊಂದು ಉಪಾಯ ಹೂಡಿದ್ದು ಇಂಗ್ಲೆಂಡಿನ ರೊನಾಲ್ಡ್ ಫಿಶರ್. ಅದನ್ನು ಬಿಡಿಸಿ ಹೇಳಿದ್ದು ಟೀ ಕಥೆಯಲ್ಲಿ. ರಾಥಮ್‌ಸ್ಟೆಡ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದ ಆರಂಭದಲ್ಲಿ ಅವರೊಂದಿಗೆ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ ಕೆಲಸಕ್ಕಿದ್ದರು. ಕಪ್ಪಿಗೆ ಹಾಲು ಮೊದಲು ಬಿತ್ತೋ ಟೀ ಮೊದಲು ಬಿತ್ತೋ ರುಚಿಯಲ್ಲೇ ಹೇಳಬಲ್ಲೆ ಅನ್ನುವುದು ಆಕೆಯ ವಾದ. ಗಂಡಸರು ನಕ್ಕಿರುತ್ತಾರೆ, ಅದಕ್ಕೆ ದಾಖಲೆ ಬೇಕಿಲ್ಲ.

ಫಿಶರ್ ಪರೀಕ್ಷೆಗೆ ಎಂಟು ಕಪ್ಪಿನ ಲೆಕ್ಕ ಹಾಕಿದರು, ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಟೀ ಮೊದಲು. ಎಂಟು ಕಪ್ಪೂ ಉಳಿದೆಲ್ಲದರಲ್ಲಿ ಒಂದೇ ಥರ ಇರಬೇಕಲ್ಲ? ಒಂದು ಪಿಂಗಾಣಿ ದಪ್ಪ, ಇನ್ನೊಂದು ತೆಳು. ಒಂದರಲ್ಲಿ ಹಾಲು ಒಂದು ಹನಿ ಹೆಚ್ಚು. ಕೊನೆಯ ಕಪ್ಪಿಗೆ ಬರುವ ಹೊತ್ತಿಗೆ ಟೀ ಆರಿದೆ, ಕಡುವಾಗಿದೆ. ಈ ಪಟ್ಟಿಗೆ ತುದಿಯೇ ಇಲ್ಲ. ಅದಕ್ಕೇ ಫಿಶರ್ ಕಪ್ಪುಗಳ ಸರದಿಯನ್ನು ಲಾಟರಿಗೆ ಬಿಟ್ಟರು. ಹಿಡಿದಿಡಲಾಗದ ತುಂಟ ಚರಗಳು ಎರಡೂ ಕಡೆಗೆ ಯದ್ವಾತದ್ವಾ ಚದುರಿಹೋಗಲಿ, ಒಂದೇ ಪಕ್ಷ ಸೇರಿಕೊಂಡು ಮೋಸ ಮಾಡದಿರಲಿ ಅಂತ. ಕಣ್ಣು ಮುಚ್ಚಿ ಊಹೆಯಲ್ಲೇ ಎಂಟನ್ನೂ ಸರಿಯಾಗಿ ಹೇಳುವ ಸಾಧ್ಯತೆ 70ರಲ್ಲಿ 1. 1935ರ ತಮ್ಮ ಪುಸ್ತಕದಲ್ಲಿ ಅವರು ಇದನ್ನೆಲ್ಲ ಸವಿಸ್ತಾರವಾಗಿ ಬರೆದರು, ಆಕೆ ಗೆದ್ದರೋ ಸೋತರೋ ಅನ್ನುವುದನ್ನು ಮಾತ್ರ ಬರೆಯಲಿಲ್ಲ. ಹೆಂಗಸರ ವಿಷಯಕ್ಕೆ ಬಂದಾಗ ಅಂಕಿ ಅಂಶದ ದೊರೆಗಳಿಗೂ ಮರೆವು.

ಗೊಬ್ಬರದ ಪರೀಕ್ಷೆಗೂ ಇದೇ ಉಪಾಯ. ಒಂದೇ ಹೊಲದಲ್ಲಿ ಆ ಮೂಲೆಯ ಮಣ್ಣು ಬೇರೆ, ಈ ಮೂಲೆಯ ತೇವ ಬೇರೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಗದ್ದೆಗಳಲ್ಲಿ ಪುಟ್ಟಪುಟ್ಟ ಮಡಿ ಮಾಡಿ, ಪ್ರತಿ ಮಡಿಗೂ ನಂಬರಿನ ಬೋರ್ಡು ನೆಟ್ಟಿರುವುದನ್ನು ನೋಡಿದ್ದೀರಲ್ಲ, ಯಾವ ಮಡಿಗೆ ಯಾವ ಗೊಬ್ಬರ ಅನ್ನುವುದು ಅಲ್ಲೂ ಚೀಟಿ ಎತ್ತಿದ ಹಾಗೆಯೇ ತೀರ್ಮಾನವಾಗುತ್ತದೆ. ಊರಿನಲ್ಲಿ ನಮ್ಮ ದೊಡ್ಡ ಭಾವನವರು ಮಾತ್ರ ಹೊಸ ಗೊಬ್ಬರ ಹಾಕಿದ ವರ್ಷ ರಾಗಿ ಚೆನ್ನಾಗಿ ಬಂತೆಂದು ಇಂದಿಗೂ ಹೇಳುತ್ತಾರೆ. ಆ ವರ್ಷ ಮಳೆ ಹದವಾಗಿ ಬಂದದ್ದನ್ನು ಗೊಬ್ಬರದ ಅಂಗಡಿಯವನು ನೆನಪಿಸುವುದಿಲ್ಲ.

ಟೀ ಕಥೆ ಕೇಳಿ ಅತ್ತೆಯವರಿಗೆ ಹುಮ್ಮಸ್ಸು ಬಂತು. "ಮೊದಲ ಡಿಕಾಕ್ಷನ್ನೋ ಎರಡನೇದೋ ಅಂತ ನಾನು ವಾಸನೇಲೇ ಹೇಳ್ತೀನಿ, ಇಡು ನಿನ್ನ ಪರೀಕ್ಷೆ" ಅಂದರು. ಮಗಳು ಎಂಟು ಲೋಟ ಹೊಂದಿಸಿ, ಚೀಟಿ ಬರೆದು, ಅಪ್ಪನನ್ನು ಹಾಲ್‌ಗೆ ಕಳಿಸಿ, ಎಲ್ಲ ಅಣಿ ಮಾಡಿದಳು. ಅಷ್ಟರಲ್ಲಿ ಅತ್ತೆಗೆ ಜ್ಞಾನೋದಯವಾಯಿತು. "ಎಂಟು ಲೋಟ ತೊಳೆಯೋರು ಯಾರೇ?" ಎಲ್ಲರೂ ನನ್ನ ಮುಖ ನೋಡಿದರು. ಪ್ರಯೋಗ ಅಲ್ಲಿಗೆ ರದ್ದಾಯಿತು. ಎಂಟನೇ ಒಂದು ಭಾಗದ ವಿಜ್ಞಾನದಲ್ಲೇ ತೃಪ್ತಿಪಟ್ಟು ಎಲ್ಲರೂ ಒಂದೊಂದು ಲೋಟ ಕಾಫಿ ಕುಡಿದರು.

ಕೊನೆಗೆ ಉಳಿದದ್ದು ಕಾಲೇಜಿನ ಲ್ಯಾಬು. ಅಲ್ಲಿ ಇದೇ ಲೋಲಕದಿಂದ ಗುರುತ್ವ ವೇಗೋತ್ಕರ್ಷ, ಅಂದರೆ ಮಕ್ಕಳು 'ಜಿ' ಅನ್ನುವುದನ್ನು ಕಂಡುಹಿಡಿಯಬೇಕು. ಉದ್ದ ಅಳೆಯಿರಿ, 20 ಓಲಾಟದ ಹೊತ್ತು ಬರೆಯಿರಿ, ಸೂತ್ರಕ್ಕೆ ಹಾಕಿ, ಉತ್ತರ ಬರುತ್ತದೆ. ನಡೆಯುವುದು ಇದರ ತಿರುಗುಮುರುಗು. ಉತ್ತರ 9.81 ಅಂತ ಎಲ್ಲರಿಗೂ ಬಾಯಿಪಾಠ. ಮೊದಲು ಉತ್ತರ ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಓಲಾಟದ ಹೊತ್ತನ್ನು ಹುಟ್ಟಿಸುತ್ತಾರೆ. ನಂಬಿಕೆ ಬರಲೆಂದು ಒಂದೆರಡು ಕಡೆ ಅರ್ಧ ಸೆಕೆಂಡು ಹೆಚ್ಚುಕಡಿಮೆ ಮಾಡುವಷ್ಟು ಕಲಾವಂತಿಕೆಯೂ ಇದೆ. ಗುಂಡು ನೇತಾಡುತ್ತಾ ತೆಪ್ಪಗಿರುತ್ತದೆ.

ಒಂದು ಮೀಟರಿನ ಲೋಲಕಕ್ಕೆ 20 ಓಲಾಟವೆಂದರೆ ಸುಮಾರು 40 ಸೆಕೆಂಡು. ಅದರಲ್ಲಿ ಬೆರಳು ಅರ್ಧ ಸೆಕೆಂಡು ಎಡವಿದರೆ 'ಜಿ' ನೂರಕ್ಕೆ ಎರಡೂವರೆಯಷ್ಟು ಆಚೀಚೆ ಹೋಗುತ್ತದೆ. ಪ್ರಾಮಾಣಿಕವಾಗಿ ಮಾಡಿದ ಹುಡುಗನಿಗೆ 9.6 ಬರಬಹುದು, 10 ಬರಬಹುದು. ಇಡೀ ಕ್ಲಾಸಿಗೆ 9.81 ಬಂತೆಂದರೆ ಅಲ್ಲಿ ಸ್ಥಿರವಾಗಿದ್ದದ್ದು ಪಕ್ಕದವನ ರೆಕಾರ್ಡ್ ಪುಸ್ತಕ.

ಇನ್ನೊಂದು ಮಾತಿದೆ. ಎಲ್ಲರೂ ಕಣ್ಣಿಗೊತ್ತಿಕೊಂಡು ಸ್ಥಿರವೆಂದು ಪೂಜಿಸುವ ಈ 'ಜಿ' ಸ್ಥಿರವೇ ಅಲ್ಲ. 1672ರಲ್ಲಿ ಫ್ರೆಂಚರ ಅಕಾಡೆಮಿಯವರು ಝಾನ್ ರಿಶೆ ಎಂಬವರನ್ನು ದಕ್ಷಿಣ ಅಮೆರಿಕದ ಕಯೆನ್ ದ್ವೀಪಕ್ಕೆ ಕಳಿಸಿದರು. ಭೂಮಧ್ಯರೇಖೆಯಿಂದ ಐದೇ ಡಿಗ್ರಿ ದೂರದ ಊರು. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸರಿಮಾಡಲು ಲೋಲಕವನ್ನು ಹತ್ತಿರ ಹತ್ತಿರ ಮೂರು ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ಸೆಕೆಗೆ ಲೋಹದ ಕಡ್ಡಿ ಹಿಗ್ಗಿರಬೇಕು, ಅಷ್ಟೇ, ಅಂದವರಿದ್ದರು. ಅನುಮಾನ ನ್ಯಾಯವಾದದ್ದೇ, ಸೆಕೆಯೂ ಒಂದು ಚರ ತಾನೆ. ಆದರೆ ಹಿಗ್ಗಿದರೂ ಅಷ್ಟು ಹಿಗ್ಗುವುದಿಲ್ಲವೆಂದು ನ್ಯೂಟನ್ ಲೆಕ್ಕ ಹಾಕಿ ತೋರಿಸಿದರು. ಭೂಮಿ ನಡುವಿನಲ್ಲಿ ಉಬ್ಬಿದೆ, ಜೊತೆಗೆ ಗಿರಗಿರ ತಿರುಗುತ್ತಿದೆ, ಹಾಗಾಗಿ ನಡುಪಟ್ಟಿಯಲ್ಲಿ ಸೆಳೆತ ಕಡಿಮೆ. ಧ್ರುವದಲ್ಲಿ 'ಜಿ' 9.83, ಭೂಮಧ್ಯರೇಖೆಯಲ್ಲಿ 9.78. ಸ್ಥಿರವೆಂದು ನಂಬಿದ್ದು ಅಲ್ಲಾಡಿದ್ದರಿಂದ ಭೂಮಿಯ ಆಕಾರವೇ ತಿಳಿಯಿತು.

ಬೆಂಗಳೂರಿಗೆ ಬನ್ನಿ. ಭೂಮಧ್ಯರೇಖೆಯಿಂದ ಹದಿಮೂರು ಡಿಗ್ರಿ, ಸಮುದ್ರಕ್ಕಿಂತ ಒಂಬೈನೂರು ಮೀಟರ್ ಎತ್ತರ. ಇಲ್ಲಿನ ನಿಜವಾದ 'ಜಿ' 9.78. ಮಕ್ಕಳು ಕಷ್ಟಪಟ್ಟು ಹಿಂದುಮುಂದು ಲೆಕ್ಕ ಹಾಕಿ ತರುವ 9.81 ನಮ್ಮ ಊರಿನದ್ದೇ ಅಲ್ಲ, ಅದು ಲಂಡನ್ನು, ಪ್ಯಾರಿಸ್ಸಿನ ಕಡೆಯ ಸಂಖ್ಯೆ.

ಆದ್ದರಿಂದ ಪ್ರಾಕ್ಟಿಕಲ್ ಪರೀಕ್ಷೆಗೆ ಬರುವ ಎಕ್ಸ್‌ಟರ್ನಲ್ ಮಹನೀಯರಲ್ಲಿ ಒಬ್ಬ ತಾಯಿಯ ವಿನಂತಿ. ದಾರ ಸರಿಯಾಗಿ ಅಳೆದು, ಎಳೆತ ಸಣ್ಣದಾಗಿಟ್ಟು, ಫ್ಯಾನ್ ಆರಿಸಿ ಬೆವರುತ್ತಾ 20 ಎಣಿಸಿ, 9.6 ಅಂತ ಬರೆದು ತಂದ ಹುಡುಗಿಯ ಮಾರ್ಕ್ಸ್ ಕತ್ತರಿಸಬೇಡಿ. ಕತ್ತರಿಸಲೇಬೇಕೆಂದು ಕೈ ತುರಿಸಿದರೆ, ಕಿಟಕಿ ಪಕ್ಕದ ಬೆಂಚಿನಲ್ಲಿ ಸಾಲಾಗಿ 9.81 ಬರೆದವರಿದ್ದಾರೆ.